ಹೆಸರು ಅವಳದು, ಒಳಗಿನದು ಇನ್ಯಾರದೋ

"ಆ ಬಟನ್ ಮುಟ್ಟಬ್ಯಾಡ್ರಿ!"

ಗುರುದೇವಿಯ ಬೆರಳು ಅಲ್ಲೇ ನಿಂತಿತು.

ಸರ್ವರ್ ರೂಮಿನ ಬಾಗಿಲು ದೂಡಿಕೊಂಡು ಒಬ್ಬ ಓಡಿಬಂದ. ಬಿಳಿ ಕೋಟಿಗೆ ಗುಂಡಿ ಹಾಕಿರಲಿಲ್ಲ, ಕಣ್ಣು ಕೆಂಪಗಿದ್ದವು. ಬಂದವನೇ ಅವಳಿಗೂ ಆ ಕಪ್ಪು ಕಂಪ್ಯೂಟರಿಗೂ ನಡುವೆ ಅಡ್ಡ ನಿಂತುಬಿಟ್ಟ.

ಕೂಕಟ್‌ಪಲ್ಲಿಯ ಈ ಕ್ಯಾನ್ಸರ್ ಆಸ್ಪತ್ರೆಗೆ ಕಾಲಿಟ್ಟಾಗಿನಿಂದ ತೆಲುಗು, ಹಿಂದಿ ಬಿಟ್ಟು ಬೇರೆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಗಾಬರಿಯಾದವನ ಬಾಯಲ್ಲಿ ಮನೆಯ ಮಾತೇ ಬಂದಿತ್ತು. ಅದೂ ಗಂಗಾವತಿ ಕಡೆಯ ಮಾತು!

"ಯಾಕ್ರೀ? ಇದು ನಮ್ಮ ಕಂಪನಿ ಕೊಟ್ಟ ಮಷಿನ್ರಿ. ನೋಡಾಕ ಬಂದೀನಿ," ಎಂದಳು ಅವಳೂ ಕನ್ನಡದಲ್ಲೇ.

ಅವನು ಒಂದು ಕ್ಷಣ ಬೆಪ್ಪಾದ. "ನೀವು... ನಮ್ಮ ಕಡಿಯವರೇನ್ರೀ?"

"ಲಿಂಗಸೂಗೂರು. ಈಗ ಕುಷಾಯಿಗೂಡದಾಗ ಇರತೀವಿ. ಸ್ವಲ್ಪ ಸರೀರಿ."

"ಸರಿಯಂಗಿಲ್ರಿ! ಇದನ್ನ ರೀಬೂಟ್ ಮಾಡಿದ್ರ ಒಳಗಿರೋದೆಲ್ಲ ಅಳಿಸಿ ಹೋಗತೈತಿ. ನಾ ಖರೆ ಹೇಳಾಕತ್ತೀನಿ ಅನ್ನಾಕ ಈ ಮಷಿನ್ ಬಿಟ್ರ ನನಗ ಬ್ಯಾರೆ ಸಾಕ್ಷಿ ಇಲ್ಲ!"

ಅವನ ಹೆಸರು ಹುಲಗೇಶ. ಈ ಆಸ್ಪತ್ರೆಯ ವಿಕಿರಣ ವಿಭಾಗದ ಫಿಸಿಸಿಸ್ಟ್. ಯಾವ ರೋಗಿಯ ಗಡ್ಡೆಗೆ ದಿನಕ್ಕೆ ಎಷ್ಟು ವಿಕಿರಣ ಹೋಗಬೇಕು ಎಂದು ಲೆಕ್ಕ ಹಾಕುವವನು, ಕೊನೆಗೆ ಗುಂಡಿ ಒತ್ತುವವನೂ ಅವನೇ. ವಿಕಿರಣ ಎಂದರೆ ನಮ್ಮ ಕಡೆಯ ರೋಗಿಗಳಿಗೆ ತಿಳಿಯುವುದಿಲ್ಲ. 'ಕರೆಂಟ್ ಕೊಡೋದು' ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಹಿಂದಿನ ದಿನ ಬೆಳಿಗ್ಗೆ ಯಂಕಮ್ಮ ಎಂಬ ಹೆಂಗಸಿಗೆ ಗಂಟಲಿಗೆ ಕರೆಂಟ್ ಕೊಡುತ್ತಿದ್ದಾಗ ಆ ಅನಾಹುತ ನಡೆದಿತ್ತು. ದಿನವೂ ಕೊಡುವ ಪ್ರಮಾಣ ಮುಗಿದ ಮೇಲೂ ಯಂತ್ರ ನಿಲ್ಲಲಿಲ್ಲ. ಹುಲಗೇಶ ಪರದೆ ನೋಡಿದ. ಮೇಲೆ ಯಂಕಮ್ಮನ ಹೆಸರು. ಕೆಳಗೆ, ಬೆನ್ನೆಲುಬಿನ ನೋವಿಗೆಂದು ಒಂದೇ ಸಲಕ್ಕೆ ದೊಡ್ಡ ಪ್ರಮಾಣ ಕೊಡಬೇಕಿದ್ದ ಇನ್ಯಾವನೋ ಮುದುಕನ ಅಂಕಿ!

ಅವನು ತಕ್ಷಣ ಕೆಂಪು ಗುಂಡಿ ಗುದ್ದಿದ. ಯಂತ್ರ ನಿಂತಿತು, ಪರದೆಯೂ ಖಾಲಿಯಾಯಿತು. ಅಷ್ಟರಲ್ಲಿ ಯಂಕಮ್ಮನ ಗಂಟಲಿಗೆ ಹೋಗಬಾರದಷ್ಟು ಹೋಗಿತ್ತು.

ವಿಕಿರಣ ಯಂತ್ರ ಓದಿಕೊಳ್ಳುವ ಅಂಕಿಗಳ ಫೈಲುಗಳೆಲ್ಲ ಇರುವುದು ಈ ಕಪ್ಪು ಸರ್ವರಿನಲ್ಲಿ. ಆಲ್ಫಾ ಎಂಬ ಅಪರೂಪದ ಪ್ರೊಸೆಸರಿನ ಯಂತ್ರ. ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಆ ಕಾಲದಲ್ಲೇ ಅದನ್ನು ಬಲ್ಲವರು ಊರಿಗೆಲ್ಲ ಬೆರಳೆಣಿಕೆಯಷ್ಟು ಜನ. ಅವರಲ್ಲಿ ನಮ್ಮ ಗುರುದೇವಿಯೂ ಒಬ್ಬಳು. ಅವಳಿಗೆ ಅದರ ಹೆಮ್ಮೆಯೂ ಇತ್ತು, ಸ್ವಲ್ಪ ಹೆಚ್ಚೇ ಇತ್ತು ಅನ್ನಿ.

ಮೊಬೈಲ್ ರಿಂಗಾಯಿತು. ಅವಳ ಕಂಪನಿಯ ಯಜಮಾನ ಸೂರ್ಯನಾರಾಯಣ.

"ಏಮ್ಮಾ, ಅಯಿಪೋಯಿಂದಾ?" ತೆಲುಗಿನಲ್ಲೇ ಗದರಿದ. ಇನ್ನೂ ಮುಗಿದಿಲ್ಲವೇ, ರೀಬೂಟ್ ಮಾಡಿ ಡಿಸ್ಕ್ ತಪಾಸಣೆ ಓಡಿಸಲು ಎಷ್ಟು ಹೊತ್ತು ಎಂದ.

ಏನೇ ತೊಂದರೆ ಬರಲಿ, ಮೊದಲು ಆಫ್ ಮಾಡಿ ಆನ್ ಮಾಡು, ಆಮೇಲೆ ತಪಾಸಣೆ ಓಡಿಸು... ಇದು ಆ ಕಸುಬಿನವರ ಕೈಗೆ ಅಂಟಿದ ರೂಢಿ. ಗುರುದೇವಿಗೂ ಅದೇ ಅಭ್ಯಾಸ.

"ಹಂಗೇನೂ ಅಳಿಸಿ ಹೋಗಂಗಿಲ್ರಿ. ಫೈಲ್ ಕೆಟ್ಟಿದ್ರ ಡಿಸ್ಕಿನ್ಯಾಗ ಕಂಡೇ ಕಾಣತೈತಿ," ಎಂದು ಅವನ ತೋಳಿನ ಪಕ್ಕದಿಂದ ಕೈ ತೂರಿಸಿ ಬಟನ್ ಒತ್ತಿಬಿಟ್ಟಳು.

ಫ್ಯಾನುಗಳು ಸುಯ್ ಎಂದು ನಿಂತವು. ಹುಲಗೇಶ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಯಂತ್ರ ಮತ್ತೆ ಎದ್ದಿತು. ತಪಾಸಣೆ ಮುಗಿಯಿತು. ಯಂಕಮ್ಮನ ಫೈಲು ತೆರೆದಳು.

ಹೆಸರು ಯಂಕಮ್ಮನದೇ. ಅಂಕಿಯೂ ಯಂಕಮ್ಮನದೇ! ಡಿಸ್ಕಿನಲ್ಲಿ ಒಂದು ಅಕ್ಷರವೂ ಆಚೀಚೆ ಆಗಿರಲಿಲ್ಲ.

"ಎಲ್ಲಾ ಸರಿ ಐತ್ರಿ," ಎಂದಳು ಮೆಲ್ಲಗೆ.

ಅವನು ಕಣ್ಣು ಬಿಟ್ಟ. "ಹಂಗಾದ್ರ ತಪ್ಪು ಮಾಡಿದಾವ ನಾನೇ. ಹೌದಿಲ್ರಿ?"

ಅವಳು ಫೈಲು ಮುಚ್ಚಿದಳು.

*

ಅಂದೇ ಮಧ್ಯಾಹ್ನ ಜನರಲ್ ವಾರ್ಡಿನ ಮುಂದೆ ಹಾದುಹೋಗುವಾಗ ಗುರುದೇವಿ ಯಂಕಮ್ಮನನ್ನು ಮೊದಲ ಸಲ ನೋಡಿದಳು.

ಯಾದಗಿರಿ ಕಡೆಯವಳು. ಮಣಿಕೊಂಡದಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಇಟ್ಟಿಗೆ ಹೊರುತ್ತಿದ್ದವಳು. ಕೆಳಗಿನಿಂದ ಕೂಗಿದರೆ ಮೇಲಿನ ಮಹಡಿಯ ಮೇಸ್ತ್ರಿಗೂ ಕೇಳುವಂಥ ದನಿ ಅವಳದಂತೆ. ಈಗ ಗಂಟಲು ಬಾತು, ಕುತ್ತಿಗೆಯ ಚರ್ಮ ಕೆಂಪಗೆ ಉಬ್ಬಿತ್ತು. ಉಗುಳು ನುಂಗಲೂ ಕಣ್ಣಲ್ಲಿ ನೀರು.

ಹುಲಗೇಶ ಮಂಚದ ಪಕ್ಕ ಕುಳಿತು ತಣ್ಣನೆಯ ಹಾಲನ್ನು ಚಮಚದಲ್ಲಿ ಕುಡಿಸುತ್ತಿದ್ದ.

"ತಮ್ಮಾ... ಏನಾಗ್ಯಾದ ನನಗ?" ಅವಳ ದನಿ ಹೊರಡುತ್ತಲೇ ಇರಲಿಲ್ಲ.

ತನಿಖೆ ಮುಗಿಯುವವರೆಗೆ ರೋಗಿಗೆ ಏನೂ ಹೇಳಬೇಡ ಎಂದು ಆಡಳಿತದವರು ಅವನಿಗೆ ಎಚ್ಚರಿಸಿದ್ದರು. ಅವನು ಚಮಚ ಕೆಳಗಿಟ್ಟ.

"ಅವ್ವಾ, ನಿನಗ ನಿನ್ನೆ ಹೆಚ್ಚಿಗಿ ಕರೆಂಟ್ ಬಿದ್ದೈತಿ. ಬೀಳಬಾರದಾಗಿತ್ತು. ಯಾಕ ಬಿತ್ತು ಅಂತ ನನಗೂ ತಿಳಿವಲ್ದು."

ಯಂಕಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಬಾಯಿ ತೆರೆದು ಇನ್ನೊಂದು ಚಮಚ ಹಾಲು ಬೇಡಿದಳು.

ಬಾಗಿಲಲ್ಲಿ ನಿಂತಿದ್ದ ಗುರುದೇವಿಗೆ ಎಲ್ಲವೂ ಕೇಳಿಸಿತು. ತಪ್ಪು ಮುಚ್ಚಿಡುವವನು ಹೀಗೆ ಹೇಳುತ್ತಾನೆಯೇ?

ಆ ವಾರವೆಲ್ಲ ಅವಳು ಆಸ್ಪತ್ರೆಗೆ ಬಂದು ಹೋಗುತ್ತಿದ್ದಳು. ತೀರಾ ತುರ್ತಿನ ರೋಗಿಗಳಿಗೆ ಹುಲಗೇಶ ಕೈಯಲ್ಲೇ ಲೆಕ್ಕ ಹಾಕಿಕೊಡುತ್ತಿದ್ದ, ಗುಂಡಿ ಮಾತ್ರ ಟೆಕ್ನಿಷಿಯನ್ನರೇ ಒತ್ತುತ್ತಿದ್ದರು. ಉಳಿದವರು ಕಾರಿಡಾರಿನಲ್ಲಿ ಕಾಯುತ್ತ ಕುಳಿತಿದ್ದರು. ಒಬ್ಬರ ಗಡ್ಡೆ ಬೆಳೆಯುತ್ತಿರಬಹುದು, ಇನ್ನೊಬ್ಬರ ನೋವು ಏರುತ್ತಿರಬಹುದು. ಅವರ ಮುಂದೆ ನಡೆದುಹೋಗುವುದೇ ಅವಳಿಗೆ ಕಷ್ಟವಾಗುತ್ತಿತ್ತು.

ಸರ್ವರಿನ ಪರದೆಯ ಮೇಲೆ ಆಗಾಗ ಒಂದು ಸಾಲು ಮೂಡುತ್ತಿತ್ತು. ಫೈಲ್ ಸಿಸ್ಟಂ ದೋಷ, ಇಲ್ಲಿ ಇರಬೇಕಾದದ್ದು ಇಲ್ಲ ಎಂದು ಕರ್ನಲ್, ಅಂದರೆ ಯಂತ್ರವನ್ನೇ ನಡೆಸುವ ಮೂಲ ಪ್ರೋಗ್ರಾಂ, ಕೂಗುತ್ತಿತ್ತು. ಅವಳು ಓಡಿಹೋಗಿ ಅದೇ ಜಾಗ ನೋಡಿದರೆ ಎಲ್ಲವೂ ಇದ್ದಲ್ಲೇ ಇರುತ್ತಿತ್ತು. ಮತ್ತೆ ನೋಡಿದರೂ ಸರಿ. ಕೋಣೆಯಲ್ಲಿ ಎ.ಸಿ.ಯ ಸದ್ದು ಬಿಟ್ಟರೆ ಏನೂ ಇಲ್ಲ. ಕುತ್ತಿಗೆಯ ಹಿಂದೆ ಯಾರೋ ಉಸಿರಾಡಿದಂತಾಗಿ ಅವಳು ತಿರುಗಿ ನೋಡುತ್ತಿದ್ದಳು.

ಆಸ್ಪತ್ರೆಯವರು ಆ ಸಾಲುಗಳನ್ನು ನೋಡಿ ನೋಡಿ ಲಕ್ಷ್ಯ ಕೊಡುವುದನ್ನೇ ಬಿಟ್ಟಿದ್ದರು. ಆಯುಧಪೂಜೆಗೆ ಹಚ್ಚಿದ ಕುಂಕುಮದಂತೆ ಅದೂ ಆ ಪೆಟ್ಟಿಗೆಯ ಮೇಲೆ ಇರುವುದೇ ಎಂದುಕೊಂಡಿದ್ದರು.

ಮಧ್ಯಾಹ್ನ ಇಬ್ಬರೂ ರಸ್ತೆಯಾಚೆಯ ಇರಾನಿ ಹೋಟೆಲಿನಲ್ಲಿ ಕೂರುತ್ತಿದ್ದರು. ಅವ್ವ ಶಿವದೇವಿ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯವನ್ನು ಗುರುದೇವಿ ಮೇಜಿನ ಕೆಳಗಿನಿಂದಲೇ ಹಂಚುತ್ತಿದ್ದಳು. ಹೋಟೆಲಿನವನು ಕಂಡೂ ಕಾಣದಂತೆ ಚಹಾ ತಂದಿಡುತ್ತಿದ್ದ.

"ಪುಂಡಿಪಲ್ಯ ತಿಂದು ಎಷ್ಟ್ ದಿನ ಆಗಿತ್ರಿ..." ಎಂದು ಒಂದು ದಿನ ಅವನು ಮೊದಲ ಬಾರಿ ನಕ್ಕ.

ನಗು ಬಂದಷ್ಟೇ ಬೇಗ ಆರಿಹೋಯಿತು.

"ಗುರುದೇವಿಯವರ, ಒಂದ್ ಮಾತು ಕೇಳ್ಲಿ? ನಾ ಕಂಡದ್ದು ಖರೆ ಅಂತ ನಿಮಗ ಅನಸತೈತೇನ್ರಿ?"

"ಅನಸತೈತಿ. ಆದ್ರ ಡಿಸ್ಕಿನ್ಯಾಗ..."

"ಡಿಸ್ಕ್ ಬಿಡ್ರಿ. ರಾತ್ರಿ ಮಲಗಿದ್ರ ಆ ಪರದೆನ ಕಣ್ಮುಂದ ಬರತೈತಿ. ಮೊದಮೊದಲು ಹೆಸರು ಯಂಕಮ್ಮಂದ ಕಾಣತಿತ್ತು. ಈಗೀಗ ಆ ಮುದುಕಂದೂ ಕಾಣತೈತಿ. ನಾನ ತಪ್ಪು ಫೈಲ್ ಆರಿಸಿದ್ನೇನೋ... ನನ್ನ ಕಣ್ಣ ನನಗ ಸುಳ್ಳು ಹೇಳಿದ್ರ, ನಾಳೆ ಯಾರನ್ನ ಆ ಮಷಿನಿನ ಕೆಳಗ ಮಲಗಸ್ಲಿ?"

ಚಹಾದ ಕಪ್ಪನ್ನು ಅವನ ಕೈ ಸುಮ್ಮನೆ ತಿರುಗಿಸುತ್ತಲೇ ಇತ್ತು. ಆ ಕೈಯನ್ನು ಗಟ್ಟಿಯಾಗಿ ಹಿಡಿಯಬೇಕು ಎಂದು ಅವಳಿಗೆ ಅನಿಸಿತು. ಹಿಡಿಯಲಿಲ್ಲ. ಆದರೆ ತಾನು ಈ ಮನುಷ್ಯನನ್ನು ಪ್ರೀತಿಸುತ್ತಿದ್ದೇನೆ ಎಂಬುದು ಆ ಹೋಟೆಲಿನ ಗದ್ದಲದ ನಡುವೆ ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

"ನಾ ಹುಡುಕತೀನ್ರಿ. ದೋಷ ಮಷಿನಿನ್ಯಾಗ ಇದ್ರ ಹುಡುಕೇ ಹುಡುಕತೀನಿ," ಎಂದಳು.

ಮಾತು ಕೊಟ್ಟಳು. ಆದರೆ ಮಾಡಿದ್ದೇನು?

ಕುಷಾಯಿಗೂಡದ ಆಫೀಸಿನಲ್ಲಿ ಕೂತು, ಸರ್ವರಿನಲ್ಲಿದ್ದ ಅದೇ ಕರ್ನಲನ್ನು ತನ್ನ ಮೇಜಿನ ಪಿಸಿಯ ಮೇಲೆ ಓಡಿಸಿದಳು. ಬೆಳಿಗ್ಗೆಯಿಂದ ಸಂಜೆವರೆಗೆ ಫೈಲುಗಳನ್ನು ಬರೆದಳು, ಓದಿದಳು, ಅಳಿಸಿದಳು. ಒಂದೇ ಒಂದು ತಪ್ಪು ಸಿಗಲಿಲ್ಲ. ಹಗಲೆಲ್ಲ ಪಿಸಿಯಲ್ಲಿ ಪರೀಕ್ಷೆ ಮಾಡಿ, ಇಲ್ಲಿ ನಡೆದದ್ದು ಅಲ್ಲಿಯೂ ನಡೆಯುತ್ತದೆ ಎಂದುಕೊಳ್ಳುವುದು ಅವಳ ಕಂಪನಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ.

"ನಮ್ಮ ಕಡೆ ತಪ್ಪಿಲ್ಲ, ಅಷ್ಟು ಬರೆದು ಕಳಿಸು," ಎಂದ ಸೂರ್ಯನಾರಾಯಣ.

ಅವಳು ಬರೆದಳು. ದೋಷ ಸಿಕ್ಕಿಲ್ಲ ಎಂದಷ್ಟೇ ಬರೆದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶನಿವಾರ ಮಧ್ಯಾಹ್ನ ಹುಲಗೇಶ ಆಸ್ಪತ್ರೆಯ ಗೇಟಿನಲ್ಲೇ ಅವಳನ್ನು ತಡೆದ. ಮುಖ ಬಿಳಚಿಕೊಂಡಿತ್ತು.

"ನಿಮ್ಮ ಕಾಗದ ಬಂತ್ರಿ. ಮಷಿನ್ ಚಲೋ ಐತಿ ಅಂತ ಬರದೀರಂತ!"

"ಹುಲಗೇಶ ಅವರ, ನನಗ ಸಿಗಲಿಲ್ಲ ಅಂತ..."

"ಅವರು ಓದಿದ್ದು ಹಂಗಲ್ರಿ. ಮಷಿನ್ ಸರಿ ಐತಿ, ಮನುಷ್ಯಾಗ ತಲಿ ಕೆಟ್ಟೈತಿ, ಅಷ್ಟ. ಸೋಮವಾರ ನಾ ಒಪ್ಪಿ ಸಹಿ ಮಾಡಬೇಕಂತ. ಅವತ್ತಿಂದ ಎಲ್ಲಾರನ್ನೂ ಮತ್ತ ಅದರ ಕೆಳಗ ಮಲಗಸ್ತಾರ."

"ಸಹಿ ಮಾಡಬ್ಯಾಡ್ರಿ!"

"ಯಾಕ ಮಾಡಬಾರದು? ಎಲ್ಲಾರೂ ನಾನ ಅಂತಾರ. ನೀವೂ ಅಂದ್ರಿ." ಅವನ ದನಿ ಒಡೆಯಿತು. "ಅವರು ಅಂದಾಗ ತಡಕೊಂಡಿದ್ದೆ. ನೀವು ಅಂದ ಮ್ಯಾಲೆ... ನಾನ ಮಾಡಿರಬೇಕು ಬಿಡ್ರಿ."

ಅವನು ತಿರುಗಿ ನೋಡದೆ ಹೋದ. ಗುರುದೇವಿ ಗೇಟಿನ ಕಂಬ ಹಿಡಿದು ನಿಂತಳು. ಕಾರಿಡಾರಿನಲ್ಲಿ ಸೋಮವಾರಕ್ಕೆ ಹೆಸರು ಬರೆಸುತ್ತಿದ್ದ ರೋಗಿಗಳ ಸಾಲು ಅಲ್ಲಿಂದಲೇ ಕಾಣುತ್ತಿತ್ತು. ಚಿಕ್ಕ ಮಗುವೊಂದು ತಲೆಗೆ ಟೊಪ್ಪಿಗೆ ಹಾಕಿಕೊಂಡು ಆ ಸಾಲಿನಲ್ಲಿ ಕುಳಿತಿತ್ತು.

*

ಭಾನುವಾರ ಅವಳು ತುತ್ತು ಬಾಯಿಗಿಡಲಿಲ್ಲ.

"ಏನಾಗೈತೇ ನಿನಗ? ಯಾರ ಮ್ಯಾಲ ಸಿಟ್ಟು?" ಅವ್ವ ಕೇಳಿದಳು.

"ನನ್ನ ಮ್ಯಾಲ ಬೇ."

"ಹಂಗಾದ್ರ ಉಂಡು ಸಿಟ್ಟಾಗು," ಎಂದಳು ಶಿವದೇವಿ. ಮಗಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಬಸ್ಸಿನಲ್ಲಿ ಕೂತಾಗ ಒಂದೇ ಯೋಚನೆ. ಆ ಸಾಲುಗಳು ಪಿಸಿಯಲ್ಲಿ ಒಂದು ಸಲವೂ ಬರಲಿಲ್ಲ. ಸರ್ವರಿನಲ್ಲಿ ದಿನವೂ ಬರುತ್ತವೆ. ಹಾಗಾದರೆ ತಾನು ಪಿಸಿಯಲ್ಲಿ ಹುಡುಕಿದ್ದು ಯಾವ ಸಂಭ್ರಮಕ್ಕೆ?

ರಜೆಯ ದಿನ, ಆಸ್ಪತ್ರೆಯ ಆ ಭಾಗದಲ್ಲಿ ಜನವಿರಲಿಲ್ಲ. ಸರ್ವರ್ ರೂಮಿನಲ್ಲಿ ಕೂತು ಒಂದು ಚಿಕ್ಕ ಪ್ರೋಗ್ರಾಂ ಬರೆದಳು. ಈ ಯಂತ್ರದಲ್ಲಿ ಎರಡು ಪ್ರೊಸೆಸರುಗಳು. ಒಂದು ಬಿಡುವಿಲ್ಲದೆ ಫೈಲು ಬರೆಯಬೇಕು, ಇನ್ನೊಂದು ಬಿಡುವಿಲ್ಲದೆ ಓದಬೇಕು. ಪ್ರತಿ ಫೈಲಿನ ಹೊರಗಿನ ಹೆಸರೇ ಒಳಗೂ ಇರಬೇಕು. ಬೇರೆಯಾದರೆ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು.

ಓಡಿಸಿದಳು. ಸಾಲು ಸಾಲಾಗಿ ಸರಿ, ಸರಿ, ಸರಿ ಎಂದು ಬರುತ್ತಲೇ ಇತ್ತು. ಹೊರಗೆ ಬಿಸಿಲು ಇಳಿಯತೊಡಗಿತು.

ಇದ್ದಕ್ಕಿದ್ದಂತೆ ಪರದೆ ನಿಂತಿತು.

ಹೊರಗಿನ ಹೆಸರು ಒಂದು. ಒಳಗಿರುವುದು ಇನ್ನೊಂದರದು!

ಅವಳು ಅದೇ ಫೈಲನ್ನು ಮತ್ತೆ ತೆರೆದಳು. ಈಗ ಸರಿಯಾಗಿತ್ತು. ತಪ್ಪು ಬಂದದ್ದಕ್ಕೆ ಒಂದು ಗುರುತೂ ಉಳಿದಿರಲಿಲ್ಲ.

ಹುಲಗೇಶನ ಕಣ್ಣು ಸುಳ್ಳು ಹೇಳಿರಲಿಲ್ಲ!

ಅದನ್ನು ಹೀಗೆ ತಿಳಿಯಿರಿ. ಅಡುಗೆಮನೆಯಲ್ಲಿ ಒಬ್ಬರು ಡಬ್ಬಿಗೆ ಹೊಸ ಸಾಮಾನು ತುಂಬಿ ಆಮೇಲೆ ಹೊಸ ಚೀಟಿ ಹಚ್ಚುತ್ತಾರೆ. ಪಕ್ಕದಲ್ಲಿದ್ದವರಿಗೆ ಹೊಸ ಚೀಟಿ ಕಂಡರೆ ಒಳಗಿರುವುದೂ ಹೊಸದೇ ಎಂದು ನಂಬಬಹುದು. ನಮ್ಮ ನಿಮ್ಮ ಪಿಸಿಯ ಪ್ರೊಸೆಸರುಗಳೆಲ್ಲ ಹಾಗೇ. ಆದರೆ ಆಲ್ಫಾ ಆ ಭರವಸೆ ಕೊಡುವುದಿಲ್ಲ, ಕೊಡುವುದಿಲ್ಲ ಎಂದು ಅದರ ಪುಸ್ತಕದಲ್ಲೇ ಹೇಳಿದ್ದಾರೆ. ಎರಡನೆಯ ಪ್ರೊಸೆಸರಿಗೆ ಒಮ್ಮೊಮ್ಮೆ ಚೀಟಿ ಹೊಸದು ಕಾಣುತ್ತದೆ, ಡಬ್ಬಿಯಲ್ಲಿ ಮಾತ್ರ ಹಳೆಯ ಸಾಮಾನೇ ಕಾಣುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಸರಿಹೋಗುತ್ತದೆ. ಆ ಮಿಟುಕಿನಲ್ಲಿ ಓದಿದವರ ಗತಿ ಮುಗಿಯಿತು.

ಅದಕ್ಕೇ, 'ತಡಿ, ಒಳಗಿನದೂ ಬರಲಿ, ಆಮೇಲೆ ಓದು' ಎಂದು ಕರ್ನಲಿನಲ್ಲಿ ಒಂದು ಸಾಲು ಬರೆದಿರುತ್ತಾರೆ. ಇಲ್ಲಿ ಆ ಸಾಲು ಎಲ್ಲಿ?

ಗುರುದೇವಿ ಕರ್ನಲಿನ ಮೂಲ ಬರಹ ತೆರೆದು ಹುಡುಕಿದಳು. ಇರಬೇಕಾದ ಜಾಗ ಸಿಕ್ಕಿತು. ಸಾಲು ಇರಲಿಲ್ಲ.

ಅವಳು ಅದೇ ಜಾಗವನ್ನು ಮತ್ತೊಮ್ಮೆ ಓದಿದಳು.

ಆ ಜಾಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಯಂತ್ರಕ್ಕೆಂದು ಕರ್ನಲ್ ಸಿದ್ಧ ಮಾಡಿದ ದಿನಗಳಲ್ಲಿ, ಪಿಸಿಯ ಮೇಲೆ ಪರೀಕ್ಷಿಸುತ್ತ, ಈ ಸಾಲಿನಿಂದ ಏನೂ ಆಗುವುದಿಲ್ಲವಲ್ಲ ಎಂದು ನಕ್ಕು ಅದನ್ನು ತೆಗೆದು ಹಾಕಿದವಳು ಬೇರೆ ಯಾರೂ ಅಲ್ಲ. ಅವಳೇ! ಆಗ ಸೂರ್ಯನಾರಾಯಣ ಬೆನ್ನು ತಟ್ಟಿದ್ದ. ಅವಳು ಮನೆಗೆ ಹೋಗಿ ಸಿಹಿ ತಿಂದಿದ್ದಳು.

ಯಂಕಮ್ಮನ ಉಬ್ಬಿದ ಕುತ್ತಿಗೆ ಕಣ್ಣ ಮುಂದೆ ಬಂತು. ಗುರುದೇವಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಯಜಮಾನನಿಗೆ ಫೋನ್ ಮಾಡಿದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಬಹಳ ಮೆತ್ತಗೆ ಹೇಳಿದ: "ಸಾಲು ಮತ್ತೆ ಹಾಕಮ್ಮಾ. ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಆ ಹುಡುಗ ಸಹಿ ಮಾಡುತ್ತಾನೆ, ಎಲ್ಲ ಮುಗಿಯುತ್ತದೆ. ನಿನ್ನ ಜೀವನ ಯಾಕೆ ಹಾಳು ಮಾಡಿಕೊಳ್ಳುತ್ತೀ?"

ಎಷ್ಟು ಸುಲಭ! ಒಂದೇ ಒಂದು ಸಾಲು. ನಾಳೆಯಿಂದ ಯಾವ ರೋಗಿಗೂ ತೊಂದರೆ ಇಲ್ಲ. ಅವಳ ನೌಕರಿ ಉಳಿಯುತ್ತದೆ, ಅಪ್ಪ ಅವ್ವನ ಮುಂದೆ ತಲೆ ತಗ್ಗಿಸಬೇಕಿಲ್ಲ, ಪೊಲೀಸು ಕೋರ್ಟು ಏನೂ ಇಲ್ಲ.

ಹುಲಗೇಶ ಮಾತ್ರ ಜೀವನಪೂರ್ತಿ ತನ್ನ ಕಣ್ಣನ್ನೇ ನಂಬದೆ ಬದುಕಬೇಕು.

ಅವಳು ಸಾಲನ್ನು ಹಾಕಲಿಲ್ಲ. ಸರ್ವರನ್ನು ಆರಿಸಿ, ಯಾರೂ ಅದನ್ನು ಮತ್ತೆ ಆನ್ ಮಾಡದಂತೆ ವೈರು ಕಿತ್ತು ಬ್ಯಾಗಿಗೆ ತುರುಕಿಕೊಂಡು ಹೊರಗೆ ಬಂದಳು.

*

ಸೋಮವಾರ ಬೆಳಿಗ್ಗೆ ನಿರ್ದೇಶಕ ಡಾಕ್ಟರ್ ಚಂದ್ರಹಾಸರ ಕೋಣೆಯಲ್ಲಿ ಹುಲಗೇಶ ತಲೆ ತಗ್ಗಿಸಿ ಕುಳಿತಿದ್ದ. ಮುಂದೆ ಕಾಗದ, ಕೈಯಲ್ಲಿ ಪೆನ್ನು.

"ತಡೀರಿ!"

ಗುರುದೇವಿ ಅನುಮತಿ ಕೇಳದೆ ಒಳಗೆ ಬಂದಳು. ಅವಳ ಹಿಂದೆ ಸೂರ್ಯನಾರಾಯಣನೂ ಏದುಸಿರು ಬಿಡುತ್ತ ಬಂದ.

"ಸರ್, ತಪ್ಪು ಇವರದಲ್ಲ. ನನ್ನದು," ಎಂದಳು ನಿರ್ದೇಶಕರಿಗೆ. "ಸರ್ವರಿನ ವೈರು ನನ್ನ ಹತ್ತಿರ ಇದೆ. ದಯವಿಟ್ಟು ಬನ್ನಿ. ನಾನು ಹೇಳುವುದು ಬೇಡ, ನೀವೇ ನೋಡಿ."

ಸರ್ವರ್ ರೂಮಿನಲ್ಲಿ ಎಲ್ಲರೂ ನಿಂತು ಕಾದರು. ಪರದೆಯ ಮೇಲೆ ಸರಿ, ಸರಿ, ಸರಿ ಎಂದು ಬರುತ್ತಲೇ ಇತ್ತು. ಸೂರ್ಯನಾರಾಯಣನ ಮುಖದಲ್ಲಿ ಸಣ್ಣ ನಗು ಮೂಡತೊಡಗಿತು. ಗುರುದೇವಿ ಪರದೆಯಿಂದ ಕಣ್ಣು ಕೀಳಲಿಲ್ಲ. ತಪ್ಪು ಬರಲಿ ಎಂದು ದೇವರನ್ನು ಬೇಡಿಕೊಳ್ಳುವ ಗತಿ ಯಾರಿಗೂ ಬರಬಾರದು.

ಪರದೆ ನಿಂತಿತು.

ಹೊರಗಿನ ಹೆಸರು ಒಂದು. ಒಳಗಿನದು ಬೇರೆ.

ಹುಲಗೇಶ ಮುಂದೆ ಬಂದು ಪರದೆಗೆ ಮುಖ ಹಚ್ಚುವಷ್ಟು ಹತ್ತಿರ ಬಾಗಿದ. ಓದಿದ. ಮತ್ತೆ ಓದಿದ.

"ಇದ... ಇದನ್ನ ನಾ ಕಂಡಿದ್ದು!" ಅವನ ಕಣ್ಣಿಂದ ನೀರು ದಳದಳ ಇಳಿಯಿತು. "ಹಿಂಗ ಇತ್ತು... ನನಗ ತಲಿ ಕೆಟ್ಟಿರಲಿಲ್ಲ!"

"ಹೌದ್ರಿ. ನಿಮ್ಮ ಕಣ್ಣು ಸರಿ ಇದ್ವು. ಇದನ್ನ ತಡಿಯೋ ಸಾಲು ಒಂದಿತ್ತು. ಅದನ್ನ ತಗದಾಕಿ ನಾನು." ಅವಳು ಕಣ್ಣು ತಗ್ಗಿಸಲಿಲ್ಲ. "ರೀಬೂಟ್ ಮಾಡಿದಾಕಿನೂ ನಾನು. ಮಷಿನ್ ಚಲೋ ಐತಿ ಅಂತ ಬರದಾಕಿನೂ ನಾನು."

ಅವನು ಅವಳನ್ನು ನೋಡಿದ. ಆಮೇಲೆ ಕೋಣೆಯಿಂದ ಹೊರಗೆ ನಡೆದ.

ಸೂರ್ಯನಾರಾಯಣ ಅಲ್ಲೇ ಅವಳನ್ನು ಕೆಲಸದಿಂದ ತೆಗೆದ. ಚಂದ್ರಹಾಸರು ಮಾತ್ರ ಬಿಡಲಿಲ್ಲ. "ತನಿಖೆ ನಡೆಯುತ್ತದೆ, ನಿನಗೆ ಏನು ಶಿಕ್ಷೆಯೋ ನನಗೆ ಗೊತ್ತಿಲ್ಲ. ಇದು ಸಂಪೂರ್ಣ ಸರಿಯಾಗಿದೆ ಎಂದು ತೋರಿಸುವವರೆಗೆ ನೀನು ಇಲ್ಲೇ ಇರಬೇಕು," ಎಂದರು.

ಅವಳು ನೇರವಾಗಿ ವಾರ್ಡಿಗೆ ಹೋದಳು. ಯಂಕಮ್ಮನ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದಳು.

"ಹೆಸರು ನಿನ್ನದ ಇತ್ತು ಯವ್ವಾ, ಒಳಗಿನ ಲೆಕ್ಕ ಮತ್ತೊಬ್ಬರದು. ಹಂಗಾಗಾಕ ನಾ ಕಾರಣ."

ಯಂಕಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನ್ನ ದನಿ ಹೋಗ್ಯಾದ," ಎಂದಳು ಪಿಸುಗುಟ್ಟುತ್ತ. "ತಿರುಗಿ ಕೊಡತೀಯೇನು?"

ಗುರುದೇವಿ ಮರುದಿನ ಹಾಲಿನ ಬಟ್ಟಲು ಹಿಡಿದು ಮತ್ತೆ ಹೋದಳು. ಯಂಕಮ್ಮ ಮುಖ ತಿರುಗಿಸಿಕೊಂಡಳು. ಅದರ ಮರುದಿನವೂ ಹೋದಳು.

*

ಗಂಟಲಿನ ಉರಿ ಇಳಿಯಲು ವಾರಗಳೇ ಹಿಡಿದವು. ದನಿ ಮಾತ್ರ ಮರಳಲಿಲ್ಲ, ಮರಳುತ್ತದೋ ಇಲ್ಲವೋ ಎಂದು ಡಾಕ್ಟರುಗಳೂ ಹೇಳಲಿಲ್ಲ. ಗಡ್ಡೆ ಇನ್ನೂ ಪೂರ್ತಿ ಕರಗಿರಲಿಲ್ಲ. ಡಾಕ್ಟರುಗಳು ಹೊಸದಾಗಿ ಲೆಕ್ಕ ಹಾಕಿಸಿ ಉಳಿದ ಕರೆಂಟ್ ಕೊಡಲೇಬೇಕು ಎಂದರು. ಕೊಡದಿದ್ದರೆ ಅದು ಮತ್ತೆ ಬೆಳೆಯುತ್ತದೆ, ಆಗ ಯಾರ ಕೈಯಲ್ಲೂ ಏನೂ ಇಲ್ಲ.

ತೆಗೆದ ಸಾಲನ್ನು ಗುರುದೇವಿ ಮತ್ತೆ ಹಾಕಿ ಸರ್ವರ್ ಸರಿ ಮಾಡಿದ್ದಳು. ಅವಳ ಪರೀಕ್ಷೆಯ ಪ್ರೋಗ್ರಾಂ ಹಗಲೂ ರಾತ್ರಿ ಓಡಿದರೂ ಒಮ್ಮೆಯೂ ನಿಂತಿರಲಿಲ್ಲ. ಆದರೆ ಯಂಕಮ್ಮ ಆ ಕೋಣೆಯ ಕಡೆ ಹೆಜ್ಜೆ ಇಡಲು ಒಪ್ಪಲಿಲ್ಲ. ಹುಲಗೇಶನೂ ಗುಂಡಿ ಮುಟ್ಟಿರಲಿಲ್ಲ. ಗುರುದೇವಿಯೊಂದಿಗೆ ಒಂದು ಮಾತೂ ಆಡಿರಲಿಲ್ಲ.

ಕೊನೆಗೆ ಯಂಕಮ್ಮನೇ ಡಾಕ್ಟರನ್ನು ಹತ್ತಿರ ಕರೆದು ಪಿಸುಗುಟ್ಟಿದಳು.

"ಆ ಹುಡುಗನ ಕುಂದ್ರಬೇಕು. ಆ ಹುಡುಗಿನೂ ಬಾಜೂಕ ಇರಬೇಕು. ನನ್ನ ಹೆಸರು, ನನ್ನ ಲೆಕ್ಕ, ಇಬ್ಬರೂ ಬಾಯಿಬಿಟ್ಟು ಓದಬೇಕು. ಅಂದ್ರ ಮಲಗತೀನಿ."

ಹೀಗೆ ಇಬ್ಬರೂ ಮತ್ತೆ ಅಕ್ಕಪಕ್ಕ ಕುಳಿತರು.

ದಪ್ಪ ಕಬ್ಬಿಣದ ಬಾಗಿಲು ಮುಚ್ಚಿತು. ಒಳಗೆ ಯಂತ್ರದ ಕೆಳಗೆ ಒಬ್ಬಳೇ ಮಲಗಿದ್ದ ಯಂಕಮ್ಮ ಚಿಕ್ಕ ಟಿವಿಯಲ್ಲಿ ಕಾಣುತ್ತಿದ್ದಳು. ಎದೆ ಬಡಬಡ ಏರಿಳಿಯುತ್ತಿತ್ತು.

"ಹೆಸರು ಓದ್ರಿ," ಎಂದಳು ಗುರುದೇವಿ.

"ಯಂಕಮ್ಮ."

ಅವಳು ಪರದೆಯ ಅಂಕಿಯನ್ನು ಗಟ್ಟಿಯಾಗಿ ಓದಿದಳು. ಅವನು ಕೈಯಲ್ಲಿ ಹಾಕಿಟ್ಟ ಲೆಕ್ಕಕ್ಕೆ ಹೋಲಿಸಿ ನೋಡಿದ.

"ಹೊಂದತೈತಿ."

ಆದರೆ ಬೆರಳು ಗುಂಡಿಯ ಕಡೆ ಹೋಗಲಿಲ್ಲ. ಮೇಜಿನ ಮೇಲೇ ಉಳಿಯಿತು.

"ಮತ್ತ ಒಮ್ಮೆ ಓದ್ರಿ," ಎಂದ.

ಓದಿದಳು.

"ನನಗ ಕಾಣೋದ ನಿಮಗೂ ಕಾಣತೈತಿ?"

"ಅದ ಕಾಣತೈತ್ರಿ. ಯಂಕಮ್ಮಂದ ಹೆಸರು, ಯಂಕಮ್ಮಂದ ಲೆಕ್ಕ."

ಅವನು ಕಣ್ಣು ಮುಚ್ಚಿ ಉಸಿರೆಳೆದು ಗುಂಡಿ ಒತ್ತಿದ.

ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಅಂಕಿ ಏರತೊಡಗಿತು. ಇಬ್ಬರೂ ಉಸಿರು ಬಿಡಲಿಲ್ಲ. ನಿಲ್ಲಬೇಕಾದಲ್ಲಿ ಬಂತು... ನಿಲ್ಲುತ್ತದೆಯೇ? ಗುರುದೇವಿಯ ಕೈ ತನಗೆ ತಿಳಿಯದೆಯೇ ಅವನ ತೋಳನ್ನು ಹಿಡಿದುಕೊಂಡಿತ್ತು.

ನಿಂತಿತು.

ಕೆಂಪು ದೀಪ ಆರಿತು. ಅವನು ಕುರ್ಚಿಗೆ ಒರಗಿದ. ಅವಳು ಕೈ ತೆಗೆಯಲು ಹೋದಾಗ ಅದನ್ನು ಹಿಡಿದುಕೊಂಡ.

"ಸಿಟ್ಟು ಹೋತೇನ್ರಿ?" ಅವಳು ಕೇಳಿದಳು.

"ಇಲ್ಲ. ಆ ಅವ್ವನ ಗಂಟಲ ನೋಡಿದಾಗೆಲ್ಲ ಸಿಟ್ಟು ಬರತೈತಿ." ಅವನು ಅವಳ ಕಡೆ ತಿರುಗಿದ. "ನೀವು ಬರದಿದ್ರ ನಾ ಸಹಿ ಮಾಡತಿದ್ದೆ. ಸಾಯೋತನಕ ನಾನ ಮಾಡೀನಿ ಅಂತ ನಂಬತಿದ್ದೆ. ನನ್ನನ್ನ ನನಗ ತಿರುಗಿ ಕೊಟ್ಟಾಕಿ ನೀವು... ಸಿಟ್ಟೂ ಐತಿ. ನೀವು ಒಂದ್ ದಿನ ಕಾಣಲಿಲ್ಲಂದ್ರ ಜೀವ ನಿಲ್ಲಂಗಿಲ್ಲ, ಅದೂ ಐತಿ. ಎರಡೂ ಕೂಡೇ ಐತಿ. ಏನ್ ಮಾಡ್ಲಿ, ಹೇಳ್ರಿ?"

ಗುರುದೇವಿಯ ಕಣ್ಣು ತುಂಬಿ ಬಂತು.

"ನನಗೂ ಹಂಗ ಐತ್ರಿ. ನಿಮ್ಮ ಮ್ಯಾಲ ಪ್ರೀತಿ, ನನ್ನ ಮ್ಯಾಲ ಸಿಟ್ಟು. ಎರಡನ್ನೂ ಇಟ್ಕೊಂಡು ಬದುಕೋಣು."

ಕಬ್ಬಿಣದ ಬಾಗಿಲು ತೆರೆಯಿತು. ಯಂಕಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಇಬ್ಬರ ಮುಖವನ್ನೂ ನೋಡಿದಳು, ಹಿಡಿದುಕೊಂಡ ಕೈಗಳನ್ನೂ ನೋಡಿದಳು.

"ಓದಿದ್ರೇನು ಇಬ್ಬರೂ?" ಆ ಪಿಸುಮಾತು ಕೇಳಿಸಲು ಅವರು ಬಾಗಬೇಕಾಯಿತು.

"ಓದಿದ್ವಿ ಅವ್ವಾ."

"ನಾಳಿಗೂ ಓದ್ರಿ," ಎಂದು ಅವಳು ನಿಧಾನವಾಗಿ ವಾರ್ಡಿನ ಕಡೆ ಹೊರಟಳು.

ಹುಲಗೇಶ ಗುರುದೇವಿಯ ಕೈ ಬಿಡಲಿಲ್ಲ.

"ನಾಳೆ ಬರತೀರಲ್ಲ?"

"ಬಾ ಅನ್ರಿ, ಬರತೀನಿ."

"ಬಾ, ಗುರುದೇವಿ."